ಮಳೆಯ ಸೀಮೆಯ ಕಾಲುದಾರಿಗಳು

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಕಂಬ್ರಿಯ ಕೌಂಟಿಯಲ್ಲಿ, 2,362 ಚದರ ಕಿಲೊಮೀಟರ್ ಹರಡಿಕೊಂಡಿರುವ ಬೆಟ್ಟಸೀಮೆಗೆ ಲೇಕ್ ಡಿಸ್ಟ್ರಿಕ್ಟ್ ಎಂದು ಹೆಸರು. ಆ ದೇಶದ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ (978 ಮೀಟರ್), ಅತಿ ಉದ್ದದ ಸರೋವರ ವಿಂಡರ್‌ಮಿಯರ್, ಅತಿ ಆಳದ ಸರೋವರ ವಾಸ್ಟ್‌ವಾಟರ್ ಮೂರೂ ಇಲ್ಲಿವೆ. ಇಲ್ಲಿ ಮಳೆ ಹೆಚ್ಚು, ಬಿಸಿಲು ಕಡಿಮೆ, ದಾರಿ ಕಡಿದು. ಆದರೂ ಕೆಲಸಕ್ಕಲ್ಲದೆ, ಹರಕೆಗಲ್ಲದೆ, ಬರೀ ಸಂತೋಷಕ್ಕಾಗಿ ಬೆಟ್ಟಗುಡ್ಡ ನಡೆಯುವ ರೂಢಿ ಇಂಗ್ಲಿಷ್ ಜನರಲ್ಲಿ ಆಳವಾಗಿ ಬೇರುಬಿಟ್ಟದ್ದು ಈ ಸೀಮೆಯಲ್ಲೇ. ಆ ರೂಢಿಗೆ ಸುಮಾರು ಇನ್ನೂರೈವತ್ತು ವರ್ಷಗಳ ಇತಿಹಾಸವಿದೆ. ಕವಿಗಳ ಕತೆಯಾಗಿ ಅದು ಪ್ರಸಿದ್ಧ. ಆದರೆ ಕುರಿಗಾಹಿಗಳು, ಗಿರಣಿ ಕಾರ್ಮಿಕರು, ದಾರಿಗಾಗಿ ಕೋರ್ಟು ಹತ್ತಿದ ಊರವರು ಅದರಲ್ಲಿ ಕವಿಗಳಷ್ಟೇ ಪಾಲುದಾರರು.

ಮಳೆ ಮತ್ತು ನೆಲ

ಈ ಬೆಟ್ಟಗಳ ನಡುಭಾಗದ ಬಂಡೆ ಸುಮಾರು 45 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಗಳಿಂದ ಬಂದದ್ದು. ಹಿಮಯುಗದ ನೀರ್ಗಲ್ಲು ನದಿಗಳು ಅದನ್ನು ಕೊರೆದು, ನಡುವಿನ ಶಿಖರಗಳಿಂದ ಸುತ್ತಲೂ ಚಾಚಿಕೊಂಡ ಆಳವಾದ ಕಣಿವೆಗಳನ್ನು ಮಾಡಿದವು. ಹಿಮ ಕರಗಿ ಹೋದ ಮೇಲೆ ಆ ಕಣಿವೆಗಳಲ್ಲಿ ನೀರು ನಿಂತು ಸರೋವರಗಳಾದವು. ಆ ನೀರು ಬತ್ತದಂತೆ ನೋಡಿಕೊಂಡಿರುವುದು ಮಳೆ. ಅಟ್ಲಾಂಟಿಕ್ ಸಾಗರದಿಂದ ಐರಿಷ್ ಸಮುದ್ರ ದಾಟಿ ಬರುವ ನೈಋತ್ಯದ ಗಾಳಿಗೆ ಎದುರಾಗುವ ಮೊದಲ ಎತ್ತರದ ನೆಲ ಇದು. ಗಾಳಿ ಬೆಟ್ಟವೇರುತ್ತ ತಣ್ಣಗಾಗಿ, ಹೊತ್ತು ತಂದ ತೇವವನ್ನೆಲ್ಲ ಇಲ್ಲಿ ಸುರಿಯುತ್ತದೆ.

ಬಾರೋಡೇಲ್ ಕಣಿವೆಯ ತುದಿಯಲ್ಲಿರುವ ಸೀತ್‌ವೇಟ್ ಎಂಬ ಪುಟ್ಟ ಊರು ಇಂಗ್ಲೆಂಡಿನ ಜನವಸತಿಗಳಲ್ಲೆಲ್ಲ ಅತಿ ಹೆಚ್ಚು ಮಳೆ ಬೀಳುವ ಜಾಗ. ಅಲ್ಲಿ ವರ್ಷಕ್ಕೆ 3,300 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದೇ ಕಣಿವೆಯ ಕೆಳಗೆ, ಹದಿನೈದು ಕಿಲೊಮೀಟರಿಗೂ ಕಡಿಮೆ ದೂರದಲ್ಲಿರುವ ಕೆಸಿಕ್ ಪಟ್ಟಣದಲ್ಲಿ ಅದರ ಅರ್ಧದಷ್ಟೂ ಇಲ್ಲ. ಆಗುಂಬೆಯ ಮಳೆ ಸೀತ್‌ವೇಟಿನದಕ್ಕಿಂತ ಎಷ್ಟೋ ಹೆಚ್ಚು. ಆದರೆ ಅದರ ಬಹುಪಾಲು ಮುಂಗಾರಿನ ತಿಂಗಳುಗಳಲ್ಲಿ ಸುರಿದು ಮುಗಿಯುತ್ತದೆ. ಸೀತ್‌ವೇಟಿಗೆ ಮಳೆಗಾಲವೆಂಬ ಬೇರೆ ಕಾಲವಿಲ್ಲ, ಹನ್ನೆರಡು ತಿಂಗಳೂ ಮಳೆ ಬರುತ್ತಲೇ ಇರುತ್ತದೆ. ಹೀಗಾಗಿ ಮಳೆ ನಿಲ್ಲಲಿ ಎಂದು ಕಾಯುತ್ತ ಕುಳಿತವರು ಈ ಸೀಮೆಯನ್ನು ನೋಡಲಾರರು. ಇಲ್ಲಿಯ ನಡಿಗೆ ಮೊದಲಿನಿಂದಲೂ ಮಳೆಯೊಳಗಿನ ನಡಿಗೆ.

ಆ ಮಳೆಯನ್ನು ಅಳೆದವರೂ ನಡೆದೇ ಅಳೆದರು. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಹುಟ್ಟಿದ್ದು ಕಾಕರ್ಮೌತ್ ಬಳಿಯ ಹಳ್ಳಿಯಲ್ಲಿ. ಕೆಂಡಲ್ ಪಟ್ಟಣದಲ್ಲಿ ಶಾಲಾ ಮಾಸ್ತರನಾಗಿದ್ದಾಗ, 1787ರಲ್ಲಿ, ಅವನು ಹವಾಮಾನದ ದಿನಚರಿ ಬರೆಯತೊಡಗಿ 1844ರಲ್ಲಿ ಸಾಯುವವರೆಗೂ ಅದನ್ನು ಬಿಡಲಿಲ್ಲ. ಗಾಳಿಯ ಉಷ್ಣತೆ, ತೇವಗಳನ್ನು ಅಳೆಯಲು ಹೆಲ್ವೆಲಿನ್ ಬೆಟ್ಟವನ್ನು ಮತ್ತೆ ಮತ್ತೆ ಹತ್ತಿದ. 1840ರ ದಶಕದಲ್ಲಿ ವೈಟ್‌ಹೇವನ್ನಿನ ಜಾನ್ ಫ್ಲೆಚರ್ ಮಿಲ್ಲರ್ ಕಣಿವೆಗಳಲ್ಲೂ ಶಿಖರಗಳ ಮೇಲೂ ಮಳೆಮಾಪಕಗಳನ್ನು ಇಡಿಸಿದ. ಸೀತ್‌ವೇಟಿನ ಮಳೆಯ ಪ್ರಮಾಣ ಹೊರಗೆ ತಿಳಿದದ್ದು ಅವನ ಲೆಕ್ಕಗಳಿಂದ.

ದುಡಿಮೆಯ ದಾರಿಗಳು

ಇಂದು ವಿಹಾರಕ್ಕೆ ಬರುವವರು ತುಳಿಯುವ ದಾರಿಗಳಲ್ಲಿ ಹೆಚ್ಚಿನವು ವಿಹಾರಕ್ಕೆಂದು ಹುಟ್ಟಿದವಲ್ಲ. ನವಶಿಲಾಯುಗದಲ್ಲಿ ಲ್ಯಾಂಗ್‌ಡೇಲ್ ಕಣಿವೆಯ ಮೇಲಿನ ಕಡಿದಾದ ಇಳಿಜಾರುಗಳಿಂದ ಗಟ್ಟಿಕಲ್ಲು ತೆಗೆದು ಕೊಡಲಿ ಮಾಡುತ್ತಿದ್ದರು. ಆ ಕೊಡಲಿಗಳು ಬ್ರಿಟನ್ನಿನ ಉದ್ದಗಲಕ್ಕೂ ಸಿಕ್ಕಿವೆ. ರೋಮನ್ನರು ಬೆಟ್ಟದ ಏಣಿನ ಮೇಲೆಯೇ ದಾರಿ ಹಾಕಿ, ಹಾರ್ಡ್‌ನಾಟ್ ಘಾಟಿಯಲ್ಲಿ ಕೋಟೆ ಕಟ್ಟಿದರು. ಮುಂದೆ ಗಾಡಿ ಹೋಗಲಾರದ ಘಾಟಿಗಳಲ್ಲಿ ಉಣ್ಣೆ, ಉಪ್ಪು, ಹಂಚುಕಲ್ಲುಗಳನ್ನು ಹೇರು ಕುದುರೆಗಳ ಸಾಲು ಸಾಗಿಸುತ್ತಿತ್ತು. ಸೀತ್‌ವೇಟಿನ ಮೇಲಿನ ಗಣಿಯಿಂದ ಪೆನ್ಸಿಲ್ ಮಾಡುವ ಗ್ರಾಫೈಟ್ ಇಳಿದು ಬರುತ್ತಿತ್ತು. ಹೊರೆ ಹೊತ್ತ ಕುದುರೆ ತಾಗದಿರಲೆಂದು ತಡೆಗೋಡೆಯನ್ನು ತಗ್ಗಾಗಿ ಕಟ್ಟಿದ ಕಮಾನಿನ ಕಲ್ಲುಸೇತುವೆಗಳು ಇಂದಿಗೂ ಅನೇಕ ಹಳ್ಳಗಳ ಮೇಲೆ ನಿಂತಿವೆ.

ಸತ್ತವರ ದಾರಿಗಳೂ ಇದ್ದವು. ಹೂಳುವ ಹಕ್ಕು ದೊಡ್ಡ ಚರ್ಚುಗಳಿಗೆ ಮಾತ್ರ ಇದ್ದ ಕಾಲದಲ್ಲಿ, ಒಳನಾಡಿನ ಹಳ್ಳಿಯವರು ಶವವನ್ನು ಹೊತ್ತು ಅಲ್ಲಿಗೇ ಹೋಗಬೇಕಿತ್ತು. ರೈಡಲ್‌ನಿಂದ ಗ್ರಾಸ್ಮಿಯರ್‌ಗೆ ಹೋಗುವ ಹೆಸರಾಂತ ಕಾಲುದಾರಿ ಅಂಥದ್ದು. ಹೊತ್ತವರು ದಣಿವಾರಿಸಿಕೊಳ್ಳಲು ಶವಪೆಟ್ಟಿಗೆಯನ್ನು ಇಳಿಸುತ್ತಿದ್ದ ಚಪ್ಪಟೆ ಕಲ್ಲು ಆ ದಾರಿಯ ಪಕ್ಕದಲ್ಲಿ ಈಗಲೂ ಇದೆ.

ಎಲ್ಲಕ್ಕಿಂತ ಹೆಚ್ಚು ದಾರಿ ಮಾಡಿದವರು ಕುರಿ ಸಾಕುವವರು. ಇಲ್ಲಿಯ ಹರ್ಡ್‌ವಿಕ್ ಕುರಿಯ ಉಣ್ಣೆ ಒರಟು. ಮಳೆ, ಹಿಮ ಎರಡನ್ನೂ ತಡೆಯುವಂಥದ್ದು. ಬೇಲಿಯಿಲ್ಲದ ಎತ್ತರದ ಹುಲ್ಲುಗಾವಲಿನಲ್ಲೂ ಪ್ರತಿ ಮಂದೆಗೆ ತನ್ನ ಮೇವಿನ ಎಲ್ಲೆ ಗೊತ್ತು. ತಾಯಿಯ ಜೊತೆ ತಿರುಗುತ್ತಲೇ ಮರಿ ಆ ಎಲ್ಲೆಯನ್ನು ಕಲಿಯುತ್ತದೆ. ಕೆಳಗಿನ ಹೊಲಗಳ ಸುತ್ತ ಗಾರೆ ಹಾಕದೆ, ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ ಗೋಡೆಗಳಿವೆ. ಪ್ರವಾಸಿಗಳು ಪ್ರಕೃತಿಯೆಂದು ಮೆಚ್ಚುವ ಈ ನೋಟದ ಬಹುಭಾಗ ಕುರಿಯ ಬಾಯಿ ಮತ್ತು ರೈತನ ಕೈ ಸೇರಿ ಮಾಡಿದ್ದು.

ಕನ್ನಡಿ ಹಿಡಿದು ಬಂದವರು

ಹದಿನೆಂಟನೇ ಶತಮಾನದ ಮೊದಲ ಭಾಗದಲ್ಲಿ ಹೊರಗಿನವರಿಗೆ ಈ ಸೀಮೆಯೆಂದರೆ ಭಯ. 1720ರ ದಶಕದಲ್ಲಿ ಬ್ರಿಟನ್ ಪ್ರವಾಸದ ಗ್ರಂಥ ಬರೆದ ಡೇನಿಯಲ್ ಡಿಫೋ ಇದನ್ನು ಬರಡು, ಭಯಂಕರ ನೆಲವೆಂದೇ ಚಿತ್ರಿಸಿದ. ಶತಮಾನದ ನಡುವೆ ಸುಂಕದ ರಸ್ತೆಗಳು ಕೆಂಡಲ್, ಕೆಸಿಕ್‌ಗಳನ್ನು ಮುಟ್ಟಿದವು. ಅದೇ ಕಾಲಕ್ಕೆ ಕಾಡು ಬೆಟ್ಟಗಳನ್ನು ಕಂಡು ಆನಂದಿಸುವ ಹೊಸ ಅಭಿರುಚಿಯೂ ಬೆಳೆಯಿತು.

ಕವಿ ಥಾಮಸ್ ಗ್ರೇ 1769ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದ. ಜೊತೆಗೆ ಹೊರಟಿದ್ದ ಗೆಳೆಯ ಕಾಯಿಲೆ ಬಿದ್ದು ಹಿಂದಿರುಗಿದ್ದರಿಂದ, ಕಂಡದ್ದನ್ನೆಲ್ಲ ಅವನಿಗಾಗಿ ಬರೆದಿಟ್ಟ. ಗ್ರೇ ಕೈಯಲ್ಲಿ ಒಂದು ಕನ್ನಡಿ ಇರುತ್ತಿತ್ತು. ಉಬ್ಬಿದ, ಬಣ್ಣ ಹಿಡಿದ ಈ ಕನ್ನಡಿಗೆ ಫ್ರೆಂಚ್ ಚಿತ್ರಕಾರ ಕ್ಲೋಡ್‌ನ ಹೆಸರಿತ್ತು. ನೋಟಕ್ಕೆ ಬೆನ್ನು ಮಾಡಿ ನಿಂತು ಕನ್ನಡಿಯಲ್ಲಿ ನೋಡಿದರೆ ಬೆಟ್ಟ, ಸರೋವರಗಳೆಲ್ಲ ಚೌಕಟ್ಟಿನೊಳಗಿನ ಚಿತ್ರದಂತೆ ಕಾಣುತ್ತಿದ್ದವು. ಕೆಸಿಕ್ ಬಳಿ ಕನ್ನಡಿ ಹಿಡಿದೇ ನಡೆಯುತ್ತಿದ್ದ ಗ್ರೇ ಕೆಸರು ಓಣಿಯಲ್ಲಿ ಅಂಗಾತ ಬಿದ್ದು ಬೆರಳ ಗೆಣ್ಣು ತರಚಿಕೊಂಡ. ಬಾರೋಡೇಲ್‌ನಲ್ಲಿ ಗ್ರೇಂಜ್ ಹಳ್ಳಿಯವರೆಗೆ ಹೋಗಿ, ಮುಂದಿನ ಬಂಡೆಗಳಿಗೆ ಅಂಜಿ ಹಿಂದಿರುಗಿದ. ಅವನ ಬರಹ 1775ರಲ್ಲಿ ಅಚ್ಚಾಯಿತು. ಮೂರು ವರ್ಷಗಳ ಮೇಲೆ, 1778ರಲ್ಲಿ, ಥಾಮಸ್ ವೆಸ್ಟ್ ಎಂಬ ಪಾದ್ರಿ ಸರೋವರಗಳ ಮಾರ್ಗದರ್ಶಿಯನ್ನು ಪ್ರಕಟಿಸಿದ. ಯಾವ ಸರೋವರವನ್ನು ಯಾವ ಜಾಗದಲ್ಲಿ ನಿಂತು ನೋಡಬೇಕೆಂದು ಅವನು ಗೊತ್ತುಮಾಡಿದ. ಅಂಥ ಜಾಗಗಳಲ್ಲಿ ಒಂದಾದ ವಿಂಡರ್‌ಮಿಯರ್‌ನ ಪಶ್ಚಿಮ ದಡದಲ್ಲಿ ಆಮೇಲೆ ಕಟ್ಟಿದ ನೋಟದ ಮನೆಗೆ ಬಣ್ಣದ ಗಾಜಿನ ಕಿಟಕಿಗಳನ್ನೂ ಇಟ್ಟರು.

ಪ್ರವಾಸಿಗಳಿಂದ ಊರವರಿಗೆ ಹೊಸ ದುಡಿಮೆ ಸಿಕ್ಕಿತು. ದೋಣಿ ನಡೆಸುವವರು, ಶಿಖರಕ್ಕೆ ಕುದುರೆ ಬಾಡಿಗೆ ಕೊಡುವವರು, ದಾರಿ ತೋರಿಸುವವರು ಹುಟ್ಟಿಕೊಂಡರು. ಬೆಟ್ಟಗಳ ಪ್ರತಿಧ್ವನಿ ಕೇಳಿಸಲು ಸರೋವರದ ದಡದಲ್ಲಿ ಹಣ ಪಡೆದು ಫಿರಂಗಿ ಹಾರಿಸುತ್ತಿದ್ದರು. 1793ರಿಂದ ಫ್ರಾನ್ಸ್ ಜೊತೆ ಯುದ್ಧ ಶುರುವಾಗಿ ಯುರೋಪ್ ಪ್ರವಾಸ ಕಷ್ಟವಾದದ್ದರಿಂದ ಇಲ್ಲಿಗೆ ಬರುವವರು ಇನ್ನೂ ಹೆಚ್ಚಿದರು.

ನಡೆಯುವುದನ್ನೇ ಬಯಸಿದವರು

ಆ ಕಾಲದಲ್ಲಿ ಅನುಕೂಲಸ್ಥರು ಗಾಡಿಯಲ್ಲೋ ಕುದುರೆಯ ಮೇಲೋ ಪ್ರಯಾಣ ಮಾಡುತ್ತಿದ್ದರು. ನಡೆದು ಬಂದವನನ್ನು ಬಡವನೆಂದೋ ಅಲೆಮಾರಿಯೆಂದೋ ತಿಳಿಯುತ್ತಿದ್ದರು. ಈ ಎಣಿಕೆಯನ್ನು ಮೊದಮೊದಲು ಮುರಿದವರಲ್ಲಿ ಜೋಸೆಫ್ ಬಡ್‌ವರ್ತ್ ಒಬ್ಬ. ಜಿಬ್ರಾಲ್ಟರ್ ಮುತ್ತಿಗೆಯಲ್ಲಿ ಒಂದು ತೋಳು ಕಳೆದುಕೊಂಡಿದ್ದ ಈ ಸೈನಿಕ 240 ಮೈಲಿಗೂ ಹೆಚ್ಚು ದೂರ ಈ ಸೀಮೆಯಲ್ಲಿ ನಡೆದು, 1792ರಲ್ಲಿ ಅದರ ಪುಸ್ತಕ ಬರೆದ.

ನಡಿಗೆಯನ್ನು ಬದುಕಿನ ರೀತಿಯಾಗಿಯೇ ಮಾಡಿಕೊಂಡವರು ವಿಲಿಯಂ ವರ್ಡ್ಸ್‌ವರ್ತ್ ಮತ್ತು ಅವನ ತಂಗಿ ಡೊರೊಥಿ. ನವೋದಯದ ಕನ್ನಡ ಕವಿಗಳು, ಅದರಲ್ಲೂ ಕುವೆಂಪು ಅವರು, ಮೆಚ್ಚಿ ಓದಿದ ಈ ಕವಿ 1770ರಲ್ಲಿ ಕಾಕರ್ಮೌತ್‌ನಲ್ಲಿ ಹುಟ್ಟಿ, 1799ರ ಡಿಸೆಂಬರಿನಲ್ಲಿ ತಂಗಿಯೊಡನೆ ಗ್ರಾಸ್ಮಿಯರ್‌ನಲ್ಲಿ ನೆಲೆಸಿದ. ಅವನು ಮೇಜಿನ ಮುಂದೆ ಕುಳಿತು ಕಟ್ಟಿದ ಕವಿತೆಗಿಂತ ನಡೆಯುತ್ತ ಕಟ್ಟಿದ್ದೇ ಹೆಚ್ಚು. ಅವನು ಬದುಕಿನಲ್ಲಿ ನಡೆದ ದೂರವನ್ನು ಲೆಕ್ಕ ಹಾಕಿದ ಲೇಖಕ ಡಿ ಕ್ವಿನ್ಸಿಯ ಅಂದಾಜು 1,75,000 ಮೈಲಿಗಿಂತ ಕಡಿಮೆಯಿಲ್ಲ. ಮಳೆಯೂ ಅವನನ್ನು ಒಳಗೆ ಕೂರಿಸುತ್ತಿರಲಿಲ್ಲ. 1804ರ ಒಂದು ಪತ್ರದಲ್ಲಿ ಡೊರೊಥಿ ಇದನ್ನು ವಿವರಿಸಿದ್ದಾಳೆ: ಮಳೆ ಬಂದ ದಿನ ಅವನು ಛತ್ರಿ ಹಿಡಿದು ಹೊರಡುತ್ತಿದ್ದ, ಗಾಳಿಮಳೆಗೆ ಆದಷ್ಟು ಮರೆಯಾದ ಒಂದು ಜಾಗ ಆರಿಸಿಕೊಂಡು ಅಲ್ಲೇ ಹಿಂದಕ್ಕೂ ಮುಂದಕ್ಕೂ ನಡೆಯುತ್ತ ಸಾಲುಗಳನ್ನು ಹೊಂದಿಸುತ್ತಿದ್ದ.

1802ರ ಏಪ್ರಿಲ್ 15ರಂದು ಅಣ್ಣತಂಗಿ ಅಲ್ಸ್‌ವಾಟರ್ ಸರೋವರದ ದಡದಲ್ಲಿ ಮನೆಯ ಕಡೆಗೆ ನಡೆಯುತ್ತಿದ್ದರು. ಮೋಡ ಮುಸುಕಿದ ದಿನ, ಗಾಳಿ ಬಿರುಸು. ದಡದುದ್ದಕ್ಕೂ ಹಳದಿ ಡ್ಯಾಫೊಡಿಲ್ ಹೂಗಳು ಗಾಳಿಗೆ ಓಲಾಡುತ್ತಿದ್ದವು. ಬಳಿಕ ಮಳೆ ಹಿಡಿದು ಇಬ್ಬರೂ ನೆನೆದರು. ಆ ದಿನದ ವಿವರವೆಲ್ಲ ಡೊರೊಥಿಯ ದಿನಚರಿಯಲ್ಲಿದೆ. ಎರಡು ವರ್ಷಗಳ ಮೇಲೆ ವರ್ಡ್ಸ್‌ವರ್ತ್ ಬರೆದು, 1807ರಲ್ಲಿ ಅಚ್ಚಾದ ಕವಿತೆಯಲ್ಲಿ ಮಳೆಯೂ ಇಲ್ಲ, ತಂಗಿಯೂ ಇಲ್ಲ. ಕವಿ ಒಬ್ಬನೇ ಇದ್ದಾನೆ. ಆ ನಡಿಗೆ ನಿಜವಾಗಿ ಹೇಗಿತ್ತೆಂದು ತಿಳಿಯಬೇಕಾದರೆ ದಿನಚರಿಯನ್ನೇ ಓದಬೇಕು.

1802ರ ಆಗಸ್ಟಿನಲ್ಲಿ ಕವಿ ಕೋಲ್‌ರಿಜ್ ಕೆಸಿಕ್‌ನ ತನ್ನ ಮನೆಯಿಂದ ಒಬ್ಬನೇ ಒಂಬತ್ತು ದಿನಗಳ ಸುತ್ತಾಟಕ್ಕೆ ಹೊರಟ. ಮನೆಯ ಪೊರಕೆಯ ಕಡ್ಡಿಗಳನ್ನು ಅಡುಗೆಮನೆಯಲ್ಲೇ ಉದುರಿಸಿ, ಹಿಡಿಯನ್ನು ಊರುಗೋಲಾಗಿ ತೆಗೆದುಕೊಂಡ. ಒಂದು ಅಂಗಿ, ಎರಡು ಜೊತೆ ಕಾಲುಚೀಲ, ಸ್ವಲ್ಪ ಚಹಾ ಮತ್ತು ಸಕ್ಕರೆ, ಕಾಗದ, ಲೇಖನಿಗಳು ಅವನ ಸಾಮಾನು. ಎಲ್ಲವೂ ಹಸಿರು ಬಣ್ಣದ, ಎಣ್ಣೆ ಹಿಡಿಸಿದ ಬಟ್ಟೆಯಲ್ಲಿ ನೆನೆಯದಂತೆ ಸುತ್ತಿ ಬೆನ್ನಿಗೇರಿತ್ತು. ಸ್ಕಾಫೆಲ್ ಶಿಖರದ ಮೇಲೆ ಕುಳಿತು ಪತ್ರ ಬರೆದ ಅವನು, ಇಳಿಯುವಾಗ ದಾರಿಯಿಲ್ಲದ ಕಡೆ ಹೊರಟು ಒಂದು ಬಂಡೆಯ ಅಂಚಿನಿಂದ ಇನ್ನೊಂದಕ್ಕೆ ಧುಮುಕುತ್ತ ಹೋದ. ಮೇಲೆ ಹತ್ತಲೂ ಆಗದು, ಕೆಳಗೆ ಹಾರಲೂ ಆಗದು ಎಂಬ ಜಾಗ ತಲುಪಿ, ಕೊನೆಗೆ ಬಂಡೆಯ ಬಿರುಕೊಂದರಲ್ಲಿ ನುಸುಳಿ ಪಾರಾದ. ಅಷ್ಟರಲ್ಲಿ ಗುಡುಗು ಮಳೆ ಬಂತು. ಕುರಿದೊಡ್ಡಿಯಲ್ಲಿ ಆಸರೆ ಪಡೆದ. ಬಂಡೆ ಹತ್ತಿಳಿಯುವ ಸಾಹಸದ ಇತಿಹಾಸ ಬರೆಯುವವರು ಈ ಘಟನೆಯನ್ನು ತಪ್ಪದೆ ನೆನೆಯುತ್ತಾರೆ.

1818ರ ಅಕ್ಟೋಬರ್ 7ರಂದು ಡೊರೊಥಿ, ಗೆಳತಿ ಮೇರಿ ಬಾರ್ಕರ್ ಜೊತೆ ಸ್ಕಾಫೆಲ್ ಪೈಕ್ ಏರಿದಳು. ಮಳೆಗಾಳಿ ಬರಲಿದೆಯೆಂದು ಜೊತೆಯಲ್ಲಿದ್ದ ದಾರಿಗಾರ ಎಚ್ಚರಿಸಿದ, ಅದು ಬಂದೇ ಬಂತು. ಮಹಿಳೆಯರು ಆ ಶಿಖರ ಏರಿದ ದಾಖಲೆಗಳಲ್ಲಿ ಇದು ಬಹಳ ಹಳೆಯದು. ವರ್ಡ್ಸ್‌ವರ್ತ್ 1810ರಲ್ಲಿ ಮೊದಲು ಬರೆದು, ಬೆಳೆಸುತ್ತ ಬಂದ ಸರೋವರ ಸೀಮೆಯ ಮಾರ್ಗದರ್ಶಿಯ 1822ರ ಆವೃತ್ತಿಯಲ್ಲಿ ಈ ವಿವರಣೆ ಸೇರಿತು, ಆದರೆ ಬರೆದವಳ ಹೆಸರಿಲ್ಲದೆ. ನೋಡುವ ಕಣ್ಣು, ಆನಂದಿಸುವ ಮನಸ್ಸು ಇರುವವರೆಲ್ಲರಿಗೂ ಈ ಸೀಮೆಯಲ್ಲಿ ಹಕ್ಕಿದೆ, ಇದು ಒಂದು ಬಗೆಯಲ್ಲಿ ಇಡೀ ನಾಡಿನ ಆಸ್ತಿ ಎಂಬ ವಿಚಾರವನ್ನು ಅದೇ ಮಾರ್ಗದರ್ಶಿಯಲ್ಲಿ ವರ್ಡ್ಸ್‌ವರ್ತ್ ಮುಂದಿಟ್ಟ.

ರೈಲು, ಕಾರ್ಮಿಕರು, ಬೇಲಿ

ಆ ಹಕ್ಕು ಯಾರಿಗೆಲ್ಲ ಸೇರಬೇಕು ಎಂಬ ಪ್ರಶ್ನೆಯನ್ನು ರೈಲು ತಂದಿತು. ಕೆಂಡಲ್‌ನಿಂದ ವಿಂಡರ್‌ಮಿಯರ್‌ಗೆ ಹಳಿ ಹಾಕುವ ಯೋಜನೆಯನ್ನು 1844ರಲ್ಲಿ ವರ್ಡ್ಸ್‌ವರ್ತ್ ಪತ್ರಿಕೆಗೆ ಬರೆದು ವಿರೋಧಿಸಿದ. ಬೆಟ್ಟದ ಚೆಲುವನ್ನು ಸವಿಯುವ ಮನಸ್ಸು ನಿಧಾನವಾಗಿ ಬೆಳೆಯಬೇಕು, ಕಾರ್ಮಿಕರನ್ನು ಹಿಂಡು ಹಿಂಡಾಗಿ ತಂದು ಇಳಿಸಿದರೆ ಅವರಿಗೂ ಲಾಭವಿಲ್ಲ, ಊರಿಗೂ ಕೇಡು ಎಂಬುದು ಅವನ ವಾದ. ಮಾರ್ಗದರ್ಶಿಯಲ್ಲಿ ತಾನೇ ಹೇಳಿದ್ದಕ್ಕೆ ಇದು ಹೊಂದುವುದಿಲ್ಲ. 1847ರಲ್ಲಿ ರೈಲು ಬಂದೇ ಬಂತು. 1865ರಲ್ಲಿ ಕೆಸಿಕ್‌ಗೂ ಪ್ರಯಾಣಿಕರ ರೈಲು ಓಡಿತು.

ಕಾರ್ಮಿಕರ ಬಗೆಗಿನ ಆ ಅನುಮಾನ ತಪ್ಪೆಂದು ಅವರೇ ತೋರಿಸಿಕೊಟ್ಟರು. ಲ್ಯಾಂಕಶೈರ್‌ನ ಹತ್ತಿಗಿರಣಿಗಳ ಊರಾದ ಕೋಲ್ನ್‌ನಲ್ಲಿ ಪಾದ್ರಿಯಾಗಿದ್ದ ಟಿ. ಎ. ಲೆನರ್ಡ್ 1891ರಲ್ಲಿ ತನ್ನ ಸಭೆಯ ಯುವಕರನ್ನು ಆಂಬಲ್‌ಸೈಡ್‌ಗೆ ನಡಿಗೆಯ ರಜೆಗೆ ಕರೆತಂದ. ರಜೆ ಸಿಕ್ಕರೆ ಸಮುದ್ರದಂಡೆಯ ಪೇಟೆಗಳಲ್ಲಿ ಕೂಡಿಟ್ಟ ಹಣವನ್ನೆಲ್ಲ ಖರ್ಚು ಮಾಡಿ ಬರುತ್ತಿದ್ದ ಜನಕ್ಕೆ ಕಡಿಮೆ ವೆಚ್ಚದ ಇನ್ನೊಂದು ಸಂತೋಷ ಸಿಕ್ಕಿತು. ಅದರಿಂದ 1893ರಲ್ಲಿ ಸಹಕಾರಿ ರಜಾ ಸಂಘ ಹುಟ್ಟಿತು. 1930ರಲ್ಲಿ ಆರಂಭವಾದ ಯೂತ್ ಹಾಸ್ಟೆಲ್ ಸಂಘ ಅದೇ ಹಾದಿಯಲ್ಲಿ ಅಗ್ಗದ ತಂಗುಮನೆಗಳನ್ನು ತೆರೆಯಿತು.

ಬೆಟ್ಟದ ಒಡೆತನವಿದ್ದವರು ಕೆಲವು ಕಡೆ ದಾರಿ ಮುಚ್ಚತೊಡಗಿದಾಗ ಜಗಳ ಎದ್ದಿತು. ಕೆಸಿಕ್ ಪಕ್ಕದ ಲ್ಯಾಟ್ರಿಗ್ ಗುಡ್ಡಕ್ಕೆ ಜನ ಹಿಂದಿನಿಂದ ಹೋಗುತ್ತಿದ್ದ ದಾರಿಗೆ ಬೇಲಿ ಬಿದ್ದಾಗ ಊರಿನ ಕಾಲುದಾರಿ ಸಂರಕ್ಷಣಾ ಸಂಘ ಎದುರು ನಿಂತಿತು. 1887ರ ಅಕ್ಟೋಬರ್ 1ರಂದು ಸುಮಾರು ಎರಡು ಸಾವಿರ ಜನ ಅಡ್ಡಿಗಳನ್ನು ದಾಟಿ ಗುಡ್ಡದ ನೆತ್ತಿಗೆ ನಡೆದರು. ಮರುವರ್ಷ ಕಾರ್ಲೈಲ್‌ನ ನ್ಯಾಯಾಲಯದಲ್ಲಿ ವ್ಯಾಜ್ಯ ರಾಜಿಯಾಗಿ, ಗುಡ್ಡಕ್ಕೆ ಹೋಗುವ ದಾರಿ ಜನರಿಗೆ ಉಳಿಯಿತು. ಈ ಸಂಘದಲ್ಲಿ ದುಡಿದ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ, ಆಕ್ಟೇವಿಯ ಹಿಲ್ ಮತ್ತು ರಾಬರ್ಟ್ ಹಂಟರ್ ಜೊತೆ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದ. 1902ರಲ್ಲಿ ಡರ್ವೆಂಟ್‌ವಾಟರ್ ದಡದ ಬ್ರಾಂಡಲ್‌ಹೌ ಎಂಬ ಕಾಡುದಡವನ್ನು ಟ್ರಸ್ಟ್ ಚಂದಾ ಎತ್ತಿ ಕೊಂಡುಕೊಂಡಿತು. ಈ ಸೀಮೆಯಲ್ಲಿ ಅದರ ಮೊದಲ ಆಸ್ತಿ ಅದು. ಮಕ್ಕಳ ಕತೆಗಳ ಬೀಟ್ರಿಕ್ಸ್ ಪಾಟರ್ 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ಜಮೀನನ್ನು ಟ್ರಸ್ಟ್‌ಗೆ ಬಿಟ್ಟುಹೋದಳು.

ಮೊದಲ ಮಹಾಯುದ್ಧದಲ್ಲಿ ಮಡಿದ ಸದಸ್ಯರ ನೆನಪಿಗೆ ಇಲ್ಲಿಯ ಬೆಟ್ಟ ಹತ್ತುವವರ ಕ್ಲಬ್ ಕಂಬ ನಿಲ್ಲಿಸಲಿಲ್ಲ. ಗ್ರೇಟ್ ಗೇಬಲ್ ಶಿಖರವನ್ನೂ ಸುತ್ತಲಿನ ಎತ್ತರದ ನೆಲವನ್ನೂ ಕೊಂಡು 1923ರಲ್ಲಿ ಟ್ರಸ್ಟ್‌ಗೆ ಒಪ್ಪಿಸಿತು. 1924ರ ಜೂನ್ 8ರಂದು ಶಿಖರದಲ್ಲಿ ಹೆಸರುಗಳ ಫಲಕ ತೆರೆದಾಗ ನೂರಾರು ಜನ ಮಂಜುಮಳೆಯಲ್ಲೇ ಹತ್ತಿ ಬಂದು ನಿಂತಿದ್ದರು.

ನೀರಿಗಾಗಿ ಮುಳುಗಿದ ಕಣಿವೆಗಳು

ಈ ಸೀಮೆಯ ಮಳೆಯ ಮೇಲೆ ಕೈಗಾರಿಕಾ ನಗರಗಳ ಕಣ್ಣೂ ಬಿತ್ತು. ಥರ್ಲ್‌ಮಿಯರ್ ಸರೋವರಕ್ಕೆ ಅಣೆಕಟ್ಟು ಹಾಕಿ ನೀರು ಒಯ್ಯಲು ಮ್ಯಾಂಚೆಸ್ಟರ್ ನಗರಸಭೆ 1879ರಲ್ಲಿ ಕಾಯ್ದೆ ಮಾಡಿಸಿಕೊಂಡಿತು. ವಿರೋಧ ದೊಡ್ಡದಾಗಿತ್ತು, ಫಲಿಸಲಿಲ್ಲ. 1894ರಲ್ಲಿ ಸುಮಾರು 150 ಕಿಲೊಮೀಟರ್ ಉದ್ದದ ಕಾಲುವೆ, ಕೊಳವೆಗಳ ಮೂಲಕ ನೀರು ಮ್ಯಾಂಚೆಸ್ಟರ್ ತಲುಪಿತು. 1930ರ ದಶಕದಲ್ಲಿ ಹಾಸ್‌ವಾಟರ್ ಸರೋವರದ ಮಟ್ಟ ಏರಿಸಿದಾಗ ಮಾರ್ಡೇಲ್ ಹಳ್ಳಿ ಅದರ ಚರ್ಚಿನ ನೆಲೆಯ ಸಮೇತ ಮುಳುಗಿತು. ನಗರಕ್ಕೆ ನೀರು ಬೇಕಿತ್ತು ಎಂಬುದು ನಿಜ. ಅದರ ಬೆಲೆಯನ್ನು ಕಣಿವೆಯ ಜನ ತೆತ್ತರು ಎಂಬುದೂ ಅಷ್ಟೇ ನಿಜ.

ರಾಷ್ಟ್ರೀಯ ಉದ್ಯಾನ ಮತ್ತು ಕೈಬರಹದ ಮಾರ್ಗದರ್ಶಿ

ಎರಡನೇ ಮಹಾಯುದ್ಧದ ನಂತರ 1949ರ ಕಾಯ್ದೆ ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ಉದ್ಯಾನಗಳಿಗೆ ದಾರಿ ಮಾಡಿತು. 1951ರಲ್ಲಿ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನವಾಯಿತು. ಜನ ಅಲ್ಲೇ ವಾಸವಾಗಿದ್ದು, ಬೇಸಾಯ, ಕುರಿಸಾಕಣೆಗಳನ್ನು ಮುಂದುವರಿಸಿಕೊಂಡು ಬಂದಿರುವುದು ಇಂಗ್ಲೆಂಡಿನ ಉದ್ಯಾನಗಳ ವಿಶೇಷ.

ಅದೇ ಕಾಲದಲ್ಲಿ ಆಲ್ಫ್ರೆಡ್ ವೇನ್‌ರೈಟ್‌ನ ಕೆಲಸ ಶುರುವಾಯಿತು. ಬ್ಲ್ಯಾಕ್‌ಬರ್ನ್ ಎಂಬ ಗಿರಣಿ ಪಟ್ಟಣದಲ್ಲಿ 1907ರಲ್ಲಿ ಹುಟ್ಟಿದ ಅವನು 1930ರಲ್ಲಿ ವಿಂಡರ್‌ಮಿಯರ್ ಮೇಲಿನ ಆರೆಸ್ಟ್ ಹೆಡ್ ಗುಡ್ಡದಿಂದ ಈ ಸೀಮೆಯನ್ನು ಮೊದಲ ಬಾರಿ ಕಂಡ. 1941ರಲ್ಲಿ ಕೆಂಡಲ್‌ಗೆ ಬಂದು, ಮುಂದೆ ಅಲ್ಲಿಯ ಪುರಸಭೆಯ ಖಜಾಂಚಿಯಾದ. ಕಾರು ಇರಲಿಲ್ಲ, ವಾರಾಂತ್ಯಗಳಲ್ಲಿ ಬಸ್ ಹಿಡಿದು ಹೋಗಿ ಬೆಟ್ಟ ಹತ್ತುತ್ತಿದ್ದ, ರಾತ್ರಿಗಳಲ್ಲಿ ಮಸಿ ಲೇಖನಿಯಿಂದ ಪುಟಗಳನ್ನು ಬರೆಯುತ್ತಿದ್ದ. ಚಿತ್ರ, ನಕ್ಷೆ, ವಿವರಣೆ ಎಲ್ಲವೂ ಅವನ ಕೈಯಿಂದಲೇ ಆದವು. ಅಚ್ಚುಮೊಳೆಯ ಅಕ್ಷರ ಪುಟದೊಳಗೆ ಬರಲಿಲ್ಲ. ಮೊದಲ ನೂರು ಪುಟಗಳಷ್ಟು ಮುಗಿದ ಮೇಲೆ ಸಾಲುಗಳ ಬಲ ಅಂಚು ಸಮನಾಗಿಲ್ಲವೆಂದು ಕಂಡು, ಎಲ್ಲವನ್ನೂ ತೆಗೆದುಹಾಕಿ ಮೊದಲಿನಿಂದ ಬರೆದ. 1955ರಿಂದ 1966ರವರೆಗೆ ಏಳು ಸಂಪುಟಗಳು ಬಂದವು. ಅವುಗಳಲ್ಲಿ 214 ಬೆಟ್ಟಗಳ ವಿವರಣೆಯಿದೆ. ಆ ಎಲ್ಲ ಬೆಟ್ಟಗಳನ್ನೂ ಹತ್ತಿ ಮುಗಿಸುವುದು ಈಗ ಸಾವಿರಾರು ನಡಿಗೆಗಾರರ ಸಂಕಲ್ಪವಾಗಿದೆ.

ನಡಿಗೆಗಾರರ ಉಡುಪು, ಬುತ್ತಿಗಳೂ ಮಳೆಗೆ ತಕ್ಕಂತೆ ಬದಲಾದವು. 1823ರಲ್ಲಿ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಹಚ್ಚುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಮಳೆ ಕೋಟುಗಳು ಬಂದವು. ಜಾರುವ ಕಲ್ಲಿನ ಮೇಲೆ ಹಿಡಿತಕ್ಕಾಗಿ ಅಟ್ಟೆಗೆ ಕಬ್ಬಿಣದ ಮೊಳೆ ಬಡಿದ ಬೂಟುಗಳು ಬಹುಕಾಲ ನಡೆದು, ಆಮೇಲೆ ಹಲ್ಲು ಹಲ್ಲಾದ ರಬ್ಬರ್ ಅಟ್ಟೆಗೆ ಜಾಗ ಬಿಟ್ಟವು. ಕೆಂಡಲ್‌ನಲ್ಲಿ 1869ರಿಂದ ತಯಾರಾಗುತ್ತಿರುವ ಪುದೀನ ಎಣ್ಣೆಯ ಸಕ್ಕರೆ ಬಿಲ್ಲೆ ಬೆಟ್ಟ ಹತ್ತುವವರ ಜೇಬಿನ ತಿನಿಸಾಯಿತು. 1953ರ ಎವರೆಸ್ಟ್ ತಂಡವೂ ಅದನ್ನು ಒಯ್ದಿತ್ತು.

ದಾರಿ ಉಳಿಸುವ ಕೆಲಸ

ನಡೆಯುವವರು ಹೆಚ್ಚಿದಂತೆ ದಾರಿಗೆ ಹೊಸ ಅಪಾಯ ಬಂತು. ಬೂಟಿನ ಕೆಳಗೆ ಹುಲ್ಲು ಸವೆದರೆ ಮಣ್ಣು ಬಯಲಾಗುತ್ತದೆ, ಮಳೆನೀರು ಅಲ್ಲೇ ಹರಿದು ಕೊರಕಲು ಮಾಡುತ್ತದೆ. ಕೊರಕಲು ತಪ್ಪಿಸಲು ಜನ ಪಕ್ಕದ ಹುಲ್ಲಿನ ಮೇಲೆ ನಡೆದು ದಾರಿಯನ್ನು ಇನ್ನಷ್ಟು ಅಗಲ ಮಾಡುತ್ತಾರೆ. ಇದಕ್ಕೆ ಮದ್ದು ಹಳೆಯದೇ. ದೊಡ್ಡ ಕಲ್ಲುಗಳನ್ನು ನೆಟ್ಟಗೆ ನೆಲದಲ್ಲಿ ಹೂತು, ಒಂದಕ್ಕೊಂದು ಬಿಗಿಯಾಗಿ ಹೊಂದಿಸಿ ಮೆಟ್ಟಿಲಿನಂತೆ ಕಟ್ಟುತ್ತಾರೆ. ನೀರು ಪಕ್ಕಕ್ಕೆ ಹೋಗಲೆಂದು ಅಲ್ಲಲ್ಲಿ ಅಡ್ಡಗಾಲುವೆ ಇಡುತ್ತಾರೆ. ಟ್ರಸ್ಟ್, ಉದ್ಯಾನ ಪ್ರಾಧಿಕಾರಗಳ ಸಿಬ್ಬಂದಿಯ ಜೊತೆ ಸ್ವಯಂಸೇವಕರು ವರ್ಷವಿಡೀ ಈ ಕೆಲಸ ಮಾಡುತ್ತಾರೆ.

ಮಳೆಯೂ ಬಿರುಸಾಗಿದೆ. 2015ರ ಡಿಸೆಂಬರ್ 5ರಂದು ಡೆಸ್ಮಂಡ್ ಬಿರುಗಾಳಿ ಬೀಸಿದಾಗ ಹೋನಿಸ್ಟರ್ ಘಾಟಿಯಲ್ಲಿ 24 ಗಂಟೆಯಲ್ಲಿ 341.4 ಮಿಲಿಮೀಟರ್ ಮಳೆ ಸುರಿದು ಬ್ರಿಟನ್ನಿನ ದಾಖಲೆಯಾಯಿತು. ಅಲ್ಸ್‌ವಾಟರ್‌ನ ತುದಿಯಲ್ಲಿ ಹದಿನೆಂಟನೇ ಶತಮಾನದಿಂದ ನಿಂತಿದ್ದ ಪೂಲಿ ಸೇತುವೆ ಕೊಚ್ಚಿಹೋಯಿತು. ಹೊಸ ಸೇತುವೆ 2020ರಲ್ಲಿ ತೆರೆಯಿತು.

2000ನೇ ಇಸವಿಯ ಕಾಯ್ದೆ ದಾರಿ ಬಿಟ್ಟು ತೆರೆದ ಬೆಟ್ಟದ ಮೇಲೆ ನಡೆಯುವ ಹಕ್ಕನ್ನೂ ಎಲ್ಲರಿಗೆ ಕೊಟ್ಟಿತು. 2017ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬರೀ ನಿಸರ್ಗದ ಚೆಲುವಿಗಲ್ಲ, ಕುರಿಸಾಕಣೆ, ಸಾಹಿತ್ಯ ಮತ್ತು ಸಂರಕ್ಷಣೆಯ ಹೋರಾಟ ಸೇರಿ ರೂಪಿಸಿದ ಸಾಂಸ್ಕೃತಿಕ ನೆಲವೆಂದು. ಆ ಮನ್ನಣೆ ಸರಿಯಾದದ್ದೇ. ಕುರಿಗಾಹಿ ತುಳಿದ ದಾರಿಯನ್ನು ಕವಿ ಹೆಸರು ಮಾಡಿದ, ಊರವರು ಬೇಲಿ ದಾಟಿ ಉಳಿಸಿಕೊಂಡರು, ಸ್ವಯಂಸೇವಕರು ಕಲ್ಲು ಹಾಕಿ ಕಾಯುತ್ತಿದ್ದಾರೆ. ಇಂದು ಸ್ಕಾಫೆಲ್ ಪೈಕ್ ಹತ್ತಲು ಯಾರ ಅಪ್ಪಣೆಯೂ ಬೇಕಿಲ್ಲ, ಪ್ರವೇಶ ಶುಲ್ಕವೂ ಇಲ್ಲ.